ಗೇಟಿನ ಆಚೆಯ ಯೂನಿಯನ್

ನಾವಿರೋದು ಮುಥೈಗಾದಲ್ಲಿ. ರಾಯಭಾರಿಗಳ ಬಂಗಲೆ, 1913ರಲ್ಲಿ ಬ್ರಿಟಿಷರು ಶುರು ಮಾಡಿದ ಕ್ಲಬ್ಬು, ಕರೆಂಟು ತಂತಿಯ ಗೋಡೆಗಳು... (ಮನೆ ಕಂಪನಿಯದು ಸ್ವಾಮಿ, ನನ್ನದಲ್ಲ!) ಥಿಕಾ ರೋಡ್ ದಾಟಿದರೆ ಮಥಾರೆಯ ತಗಡಿನ ಮನೆಗಳು. 2012ರಲ್ಲಿ ಉದ್ಘಾಟನೆಯಾದ ಆ ಹೆದ್ದಾರಿಯನ್ನು ಕಟ್ಟಿದ್ದು ಮೂರು ಚೀನೀ ಕಂಪನಿಗಳು.

ಮೊನ್ನೆ ರಾತ್ರಿ ಕರೆಂಟು ಹೋದಾಗ ಅಸ್ಕಾರಿ ಜೊತೆ ಹರಟ್ತಾ ಕೂತಿದ್ದೆ. ವಾಚ್‌ಮನ್ನಿಗೆ ಇಲ್ಲಿ ಹಾಗೇ ಅನ್ನೋದು. ಅವನು ಮುಂಚೆ ಊರಾಚೆ ಒಂದು ಚೀನೀ ಕಂಪನಿಯ ರಸ್ತೆ ಕೆಲಸದಲ್ಲಿದ್ದನಂತೆ. ಯಾವ ಕಂಪನಿ ಅನ್ನೋದು ಬೇಡ ಬಿಡಿ. ಒಂದೇ ಸೈಟಿನಲ್ಲಿ ಎರಡು ವರ್ಷ ದುಡಿದರೂ ಕಿಬರುವಾ, ಅಂದ್ರೆ ದಿನಗೂಲಿ. ಜ್ವರ ಬಂದರೆ ಕೂಲಿ ಇಲ್ಲ.

"ಯೂನಿಯನ್ ಇರಲಿಲ್ವಾ?"

"ಇತ್ತು ಬಾಸ್, ಪರ್ಮನೆಂಟ್ ಡ್ರೈವರ್‌ಗಳಿಗೆ."

ಕಾನೂನು ನೋಡಿದರೆ ಹೀಗಾಗಬಾರದು. ದಿನಗೂಲಿಯವನು ಸತತ ಒಂದು ತಿಂಗಳು ದುಡಿದರೆ ಅವನನ್ನು ತಿಂಗಳ ಸಂಬಳದವನೆಂದೇ ನೋಡಬೇಕು ಅನ್ನುತ್ತೆ 2007ರ ಉದ್ಯೋಗ ಕಾಯಿದೆಯ 37ನೇ ಸೆಕ್ಷನ್. 2010ರ ಸಂವಿಧಾನದ 41ನೇ ವಿಧಿಯಲ್ಲಿ ಸಂಘ ಸೇರುವ, ಮುಷ್ಕರ ಹೂಡುವ ಹಕ್ಕೂ ಇದೆ. ಆದರೆ ಕಂಪನಿ ಯೂನಿಯನ್ನಿಗೆ ಮಾನ್ಯತೆ ಕೊಡಲೇಬೇಕು ಅಂತಾಗಬೇಕಾದರೆ ಅರ್ಧಕ್ಕಿಂತ ಹೆಚ್ಚು ಕೆಲಸಗಾರರು ಸದಸ್ಯರಾಗಿರಬೇಕು. ನಾಳೆ ಗೇಟಿನೊಳಗೆ ಬಿಡ್ತಾರೋ ಇಲ್ವೋ ಗೊತ್ತಿಲ್ಲದವನು ಫಾರ್ಮಿಗೆ ಸಹಿ ಹಾಕ್ತಾನಾ ಹೇಳಿ? ಧೈರ್ಯ ಮಾಡಿ ಹಾಕಿದರೂ ಅಷ್ಟರಲ್ಲಿ ರಸ್ತೆಯೇ ಮುಗಿದಿರುತ್ತೆ! ಮಾನ್ಯತೆ ಸಿಕ್ಕು ಒಪ್ಪಂದವಾದರೆ ಮಾತ್ರ ಸಂಬಳ, ಓವರ್‌ಟೈಮು, ರಜೆ ಎಲ್ಲಾ ಕಾಗದಕ್ಕಿಳಿದು ಕಾರ್ಮಿಕ ನ್ಯಾಯಾಲಯದಲ್ಲಿ ನೋಂದಣಿಯಾಗುತ್ತೆ. ಅಲ್ಲಿಂದ ಮುಂದೆ ಮೇಸ್ತ್ರಿಯ ಮೂಡಿನ ಮೇಲೆ ಕೂಲಿ ನಿಲ್ಲೋದಿಲ್ಲ.

ಚೀನೀ ಮ್ಯಾನೇಜರುಗಳ ಕಡೆಯಿಂದಲೂ ಸ್ವಲ್ಪ ನೋಡಿ. ಅವರ ದೇಶದಲ್ಲಿ ಯೂನಿಯನ್ ಅಂದರೆ ಪಕ್ಷದ ಹಿಡಿತದ ಒಂದೇ ಒಕ್ಕೂಟ. ಮುಷ್ಕರದ ಹಕ್ಕನ್ನು ಸಂವಿಧಾನದಿಂದ 1982ರಲ್ಲೇ ತೆಗೆದುಹಾಕಿದ್ದಾರೆ. ಯೂನಿಯನ್ ಎದುರಿಗೆ ಕೂತು ಚೌಕಾಶಿ ಮಾಡುತ್ತೆ ಅನ್ನೋದೇ ಅವರಲ್ಲಿ ಎಷ್ಟೋ ಜನಕ್ಕೆ ಹೊಸದು. ಹಾಗಂತ ಬಿಟ್ಟುಬಿಡೋ ಹಾಗೂ ಇಲ್ಲ. ಮೊಂಬಾಸಾ-ನೈರೋಬಿ ರೈಲಿನಲ್ಲಿ ಚೀನೀಯರು ಕೂತ ಟೇಬಲ್ಲಿನಲ್ಲಿ ಕೀನ್ಯಾದವರು ಕೂರುವಂತಿಲ್ಲ ಅಂತ 2018ರಲ್ಲಿ 'ದಿ ಸ್ಟ್ಯಾಂಡರ್ಡ್' ಪತ್ರಿಕೆ ಬರೆದಾಗ ಇಲ್ಲಿ ದೊಡ್ಡ ಗಲಾಟೆಯೇ ಆಯ್ತು.

ನಮ್ಮವರ ಊಟದ ಕೂಟಗಳಲ್ಲಿ ಚೀನೀಯರನ್ನು ಬಯ್ಯೋದು ಈಗ ಉಪ್ಪಿನಕಾಯಿ ಇದ್ದ ಹಾಗೆ. ಬಯ್ಯುವವರಲ್ಲಿ ಕೆಲವರ ಗೋಡೌನಿನಲ್ಲೂ ಕಿಬರುವಾಗಳೇ ಇರೋದು, ಅದಿರ್ಲಿ. ಈ ದೇಶಕ್ಕೆ ಯೂನಿಯನ್ ಕಟ್ಟೋದು ಕಲಿಸಿದವರಲ್ಲೂ ನಮ್ಮವರೊಬ್ಬರಿದ್ದರು, ಪಂಜಾಬಿನ ಮಖನ್ ಸಿಂಗ್. 1935ರಲ್ಲಿ ಎಲ್ಲ ಜನಾಂಗದವರಿಗೂ ತೆರೆದ ಕಾರ್ಮಿಕ ಸಂಘ ಕಟ್ಟಿದರು. ಬ್ರಿಟಿಷರು 1950ರಲ್ಲಿ ಹಿಡಿದವರು ಬಿಟ್ಟದ್ದು 1961ರಲ್ಲಿ. ಆ ಕೂಟಗಳಲ್ಲಿ ಅವರ ಹೆಸರು ನಾನಂತೂ ಕೇಳಿಲ್ಲ.

ಅಂದಹಾಗೆ, ಅಸ್ಕಾರಿಗೆ ಈಗ ರಜೆ ಎಷ್ಟು ಸಿಗುತ್ತೆ ಅಂತ ಮೂರು ವರ್ಷದಿಂದ ನಾನೂ ಕೇಳಿರಲಿಲ್ಲ. ಏಜೆನ್ಸಿಯವರು ನೋಡ್ಕೋತಾರೆ ಅಂತ ಸುಮ್ಮನಿದ್ದೆ. ಮೊನ್ನೆ ಕೇಳಿದೆ. ಹನ್ನೆರಡು ಗಂಟೆ ಪಾಳಿ, ತಿಂಗಳಿಗೆ ಎರಡು ರಜೆ ಅಂದ. ಯೂನಿಯನ್ ವಿಷಯ ಎತ್ತಿದ್ದಕ್ಕೆ ಸುಮ್ಮನೆ ನಕ್ಕ. ಸೋಮವಾರ ಏಜೆನ್ಸಿಗೆ ಫೋನ್ ಮಾಡ್ಬೇಕು.