ಐವತ್ತು ಲಕ್ಷದ ಗಡಿ: ಹೂಡಿಕೆಯ ಆದಾಯ ಮತ್ತು ಮೇಲ್ತೆರಿಗೆಯ ಲೆಕ್ಕ

ದೀಪಾವಳಿಯಲ್ಲಿ ಹೊಸ ಖಾತೆ ಪುಸ್ತಕಗಳಿಗೆ ಪೂಜೆ ಸಲ್ಲಿಸುವ ದುರ್ಗದಬೈಲ್ ಹಾಗೂ ಜವಳಿ ಸಾಲಿನ ಅಂಗಡಿಗಳಲ್ಲಿ ಸರಕಾರದ ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಅಷ್ಟರೊಳಗೆ ಅಂಗಡಿಯ ಲಾಭವನ್ನು ಅಂದಾಜು ಮಾಡದ ವ್ಯಾಪಾರಸ್ಥರು ವಿರಳ. ಆದರೆ ಠೇವಣಿಯ ಬಡ್ಡಿ, ಶೇರುಗಳ ಲಾಭಾಂಶ, ನಿವೇಶನ ಮಾರಿದ ಲಾಭ ಇವನ್ನೆಲ್ಲ ಮನೆಯ ಲೆಕ್ಕವೆಂದು ಬದಿಗಿಡುವ ರೂಢಿ ಇನ್ನೂ ಉಳಿದಿದೆ. ಒಟ್ಟು ಆದಾಯ 50 ಲಕ್ಷ ರೂಪಾಯಿಗಳ ಆಸುಪಾಸಿನಲ್ಲಿರುವವರಿಗೆ ಈ ರೂಢಿ ದುಬಾರಿಯಾಗುತ್ತದೆ.

2017ರ ಹಣಕಾಸು ಕಾಯ್ದೆಯ ಮೂಲಕ 50 ಲಕ್ಷ ಮೀರಿದ ವ್ಯಕ್ತಿಗಳ ತೆರಿಗೆಯ ಮೇಲೆ ಶೇ. 10ರಷ್ಟು ಮೇಲ್ತೆರಿಗೆ, ಅಂದರೆ ಸರ್‌ಚಾರ್ಜ್ ವಿಧಿಸಲಾಯಿತು. ಒಂದು ಕೋಟಿ ಮೀರಿದರೆ ಇದು ಶೇ. 15, ಎರಡು ಕೋಟಿ ಮೀರಿದರೆ ಶೇ. 25. ಲಾಭಾಂಶ ಮತ್ತು ಶೇರುಗಳ ಬಂಡವಾಳ ಲಾಭದ ಮೇಲಿನ ಮೇಲ್ತೆರಿಗೆ ಶೇ. 15ನ್ನು ದಾಟುವುದಿಲ್ಲ, ಠೇವಣಿಯ ಬಡ್ಡಿಗೆ ಆ ರಕ್ಷಣೆಯಿಲ್ಲ.

2025-26ನೇ ಆರ್ಥಿಕ ವರ್ಷದ ಹೊಸ ಪದ್ಧತಿಯ ದರಗಳಂತೆ ಒಂದು ಉದಾಹರಣೆ: ಜವಳಿ ವ್ಯಾಪಾರಿಯೊಬ್ಬರ ವ್ಯಾಪಾರದ ಆದಾಯ 48 ಲಕ್ಷ, ಬಡ್ಡಿ ಮತ್ತು ಲಾಭಾಂಶ 3 ಲಕ್ಷ, ಒಟ್ಟು 51 ಲಕ್ಷ. ಇದರ ಮೇಲಿನ ತೆರಿಗೆ 11,10,000 ರೂಪಾಯಿ, ಶೇ. 10ರ ಮೇಲ್ತೆರಿಗೆ 1,11,000. ಸರಿಯಾಗಿ 50 ಲಕ್ಷಕ್ಕೆ ನಿಂತಿದ್ದರೆ ತೆರಿಗೆ 10,80,000 ಮಾತ್ರ. ಹೆಚ್ಚುವರಿ ಒಂದು ಲಕ್ಷದ ಗಳಿಕೆಗೆ ಅದಕ್ಕಿಂತ ಹೆಚ್ಚು ತೆರಿಗೆ ಬೀಳಬಾರದೆಂದು ಕಾಯ್ದೆ ಮಾರ್ಜಿನಲ್ ರಿಲೀಫ್ ನೀಡುತ್ತದೆ. ಅದರಂತೆ ತೆರಿಗೆ ಹಾಗೂ ಮೇಲ್ತೆರಿಗೆ ಸೇರಿ 11,80,000ಕ್ಕೆ ನಿಲ್ಲುತ್ತದೆ. 41,000 ರೂಪಾಯಿ ಉಳಿಯುತ್ತದೆ. ಆದರೆ ಶೇ. 4ರ ಸೆಸ್ ಇದರ ನಂತರ ಸೇರುತ್ತದೆ. ಹೀಗಾಗಿ ಕೊನೆಯ ಒಂದು ಲಕ್ಷ ಗಳಿಸಿದ್ದಕ್ಕೆ ಸಂದಾಯವಾಗುವುದು 1,04,000! ಸುಮಾರು 51.61 ಲಕ್ಷದವರೆಗೂ ಇದೇ ಸ್ಥಿತಿ. ರಿಲೀಫ್ ಎಂಬ ಹೆಸರು ಇಲ್ಲಿ ಪೂರ್ತಿ ಒಪ್ಪುವುದಿಲ್ಲ.

ಸಂಚಿತ ಠೇವಣಿಯ ಬಡ್ಡಿಯನ್ನು ವರ್ಷ ವರ್ಷವೂ ತೋರಿಸದೆ, ಅವಧಿ ಮುಗಿದಾಗ ಒಟ್ಟಿಗೆ ತೋರಿಸುವವರು ತಾವಾಗಿಯೇ ಈ ಗಡಿಯನ್ನು ದಾಟುವುದುಂಟು.

ನಿವೇಶನದ ವಿಷಯ ಇನ್ನೂ ಸೂಕ್ಷ್ಮವಾದುದು. ವ್ಯಾಪಾರದಿಂದ 40 ಲಕ್ಷ ಗಳಿಸುವವರು ಹಳೆಯ ನಿವೇಶನಗಳನ್ನು ಮಾರಿ 20 ಲಕ್ಷ ದೀರ್ಘಾವಧಿ ಲಾಭ ಪಡೆದರೆಂದು ಭಾವಿಸಬಹುದು. ಶೇ. 12.5ರಂತೆ ಆ ಲಾಭಕ್ಕೆ 2,50,000, ವ್ಯಾಪಾರಕ್ಕೆ 7,80,000, ಒಟ್ಟು 10,30,000. ಮೇಲ್ತೆರಿಗೆ 1,03,000, ಅದರಲ್ಲಿ 78,000 ಬೀಳುವುದು ವ್ಯಾಪಾರದ ತೆರಿಗೆಯ ಮೇಲೆ, ನಿವೇಶನ ಮಾರದಿದ್ದರೆ ಅದು ಬರುತ್ತಲೇ ಇರಲಿಲ್ಲ. ಎರಡು ನಿವೇಶನಗಳಿದ್ದು, ಒಂದನ್ನು ಮಾರ್ಚ್‌ನಲ್ಲೂ ಇನ್ನೊಂದನ್ನು ಏಪ್ರಿಲ್‌ನಲ್ಲೂ ಮಾರಿ, ಯಾವ ವರ್ಷವೂ ಲಾಭ 10 ಲಕ್ಷ ಮೀರದಿದ್ದರೆ, ಮತ್ತು ವ್ಯಾಪಾರದ ಆದಾಯ ಅಷ್ಟೇ ಇದ್ದರೆ, ಮೇಲ್ತೆರಿಗೆಯ ಪ್ರಶ್ನೆ ಏಳುವುದಿಲ್ಲ. ಕಾಗದದ ಮೇಲಿನ ದಿನಾಂಕವನ್ನಷ್ಟೇ ಮುಂದೂಡುವುದು ಬೇರೆ ಮಾತು. ಸ್ವಾಧೀನ ಬಿಟ್ಟುಕೊಟ್ಟ ದಿನವೂ ಪರಿಗಣನೆಗೆ ಬರಬಹುದು.

ಪಾಲುದಾರಿಕೆ ಸಂಸ್ಥೆಯ ಪಾಲುದಾರರಿಗೆ ಲಾಭದ ಪಾಲು ಕರಮುಕ್ತ. ಅದು ಗಡಿಯ ಲೆಕ್ಕಕ್ಕೆ ಸೇರುವುದಿಲ್ಲ. ಸಂಸ್ಥೆಯಿಂದ ಪಡೆಯುವ ಸಂಭಾವನೆ ಹಾಗೂ ಬಂಡವಾಳದ ಬಡ್ಡಿ ಮಾತ್ರ ಸೇರುತ್ತವೆ.

ಅಮೇರಿಕದಲ್ಲಿ ನೆಲೆಸಿದ ಮಕ್ಕಳಿರುವ ಕುಟುಂಬಗಳು ಅಲ್ಲಿಯ ಕ್ರಮವನ್ನೂ ತಿಳಿದಿರುವುದು ಒಳಿತು. 2013ರಿಂದ ಅಲ್ಲಿ ನಿವ್ವಳ ಹೂಡಿಕೆ ಆದಾಯದ ಮೇಲೆ ಶೇ. 3.8ರ ಪ್ರತ್ಯೇಕ ತೆರಿಗೆಯಿದೆ. ಗಡಿ ಒಬ್ಬರಿಗೆ 2 ಲಕ್ಷ ಡಾಲರ್, ಜಂಟಿಯಾಗಿ ವಿವರ ಸಲ್ಲಿಸುವ ದಂಪತಿಗೆ 2.5 ಲಕ್ಷ. ಹೂಡಿಕೆಯ ಆದಾಯ, ಗಡಿ ಮೀರಿದ ಮೊತ್ತ ಇವೆರಡರಲ್ಲಿ ಕಡಿಮೆಯಾದುದಕ್ಕೆ ಮಾತ್ರ ತೆರಿಗೆ. ಒಬ್ಬರ ಆದಾಯ 2,10,000 ಡಾಲರ್ ಆಗಿದ್ದು ಅದರಲ್ಲಿ 30,000 ಹೂಡಿಕೆಯದಾದರೆ, 10,000ಕ್ಕೆ 380 ಡಾಲರ್ ಕಟ್ಟಿದರಾಯಿತು. ಸಂಬಳದ ತೆರಿಗೆ ಏರುವುದಿಲ್ಲ. ಅಲ್ಲಿಯ ತೆರಿಗೆ ನಿವಾಸಿಯಾದ ಮಗನ ಹೆಸರಿನಲ್ಲಿ ಹುಬ್ಬಳ್ಳಿಯ ಬ್ಯಾಂಕಿನಲ್ಲಿಟ್ಟ ಠೇವಣಿಯ ಬಡ್ಡಿಯೂ ಆ ಲೆಕ್ಕಕ್ಕೆ ಸೇರುತ್ತದೆ.

ಇಲ್ಲಿಯ ವ್ಯಾಪಾರಸ್ಥರು ಮುಂಗಡ ತೆರಿಗೆಯ ಕೊನೆಯ ಕಂತನ್ನು ಮಾರ್ಚ್ 15ರೊಳಗೆ ಕಟ್ಟಬೇಕು. ಬಂಡವಾಳ ಲಾಭ ಅಥವಾ ಲಾಭಾಂಶ ಆ ದಿನದ ನಂತರ ಬಂದಿದ್ದರೆ, ಅದರ ತೆರಿಗೆಯನ್ನು ಮಾರ್ಚ್ 31ರೊಳಗೆ ಕಟ್ಟಿದಲ್ಲಿ ಕಂತು ತಪ್ಪಿದ ಬಡ್ಡಿ ಬೀಳುವುದಿಲ್ಲ. ಠೇವಣಿಯ ಬಡ್ಡಿಗೆ ಈ ರಿಯಾಯಿತಿ ಇಲ್ಲದ್ದರಿಂದ, ಫೆಬ್ರವರಿಯಲ್ಲಿಯೇ ಬ್ಯಾಂಕಿನಿಂದ ಬಡ್ಡಿಯ ವಿವರ ತರಿಸಿ ಲೆಕ್ಕಪರಿಶೋಧಕರ ಮುಂದಿಡಬೇಕು.