ಸೈನಿಕನ ಮೈಕಸುವಿಗೆ ಅಂಕ ಕೊಡುವ ಬಗೆ

ಬೆಂಗಳೂರಿನಿಂದ ಜೋಲಾರಪೇಟೆಯ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಬಂಗಾರಪೇಟೆ ಒಂದು ಮುಖ್ಯವಾದ ಜಂಕ್ಷನ್. ಊರಿಗೆ ಬೌರಿಂಗ್‌ಪೇಟೆ ಎಂಬ ಹೆಸರಿದ್ದ ಕಾಲದಲ್ಲಿ, 1894ರಲ್ಲಿ, ಇಲ್ಲಿಂದ ಮಾರಿಕುಪ್ಪಂವರೆಗೆ ಒಂದು ಕವಲು ಹಾದಿಯನ್ನು ಹಾಕಿದುದು ಕೋಲಾರದ ಚಿನ್ನದ ಗಣಿಗಳಿಗಾಗಿ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು, ರೈಲು ಉಳಿಯಿತು. ಗಣಿಯ ಕೆಲಸ ತಪ್ಪಿದ ಮೇಲೆ ಈ ಸೀಮೆಯ ತರುಣರ ಕಣ್ಣ ಮುಂದಿರುವ ದಾರಿಗಳಲ್ಲಿ ಸೈನ್ಯವೂ ಒಂದು. ಆ ದಾರಿಯನ್ನು ಹಿಡಿಯಬಯಸುವವನು ಮೊದಲು ಬಾಯಿಪಾಠ ಮಾಡುವ ಸಂಖ್ಯೆ 5 ನಿಮಿಷ 30 ಸೆಕೆಂಡು. ಅಷ್ಟು ಹೊತ್ತಿನೊಳಗೆ ಅವನು 1.6 ಕಿಲೋಮೀಟರು, ಎಂದರೆ ಹೆಚ್ಚು ಕಡಮೆ ಒಂದು ಮೈಲಿ, ಓಡಿ ಮುಗಿಸಬೇಕು. ಮುಗಿಸಿದರೆ 60 ಅಂಕ. ಒಂದೇ ಒಂದು ಸೆಕೆಂಡು ತಡವಾದರೆ 48.

ಒಂದು ಸೆಕೆಂಡಿಗೆ 12 ಅಂಕಗಳ ವ್ಯತ್ಯಾಸ ಏಕೆ? ಓಟವನ್ನೂ ನೆಗೆತವನ್ನೂ ಅಂಕಗಳಾಗಿ ಮಾರ್ಪಡಿಸುವ ಕ್ರಮವಾದರೂ ಏನು? ಗಣಿತದ ಉತ್ತರಪತ್ರಿಕೆಗೆ ಅಂಕ ಹಾಕುವುದು ಎಲ್ಲರಿಗೂ ಪರಿಚಿತವಾದ ವಿಷಯ. ಮೈಯ ಶಕ್ತಿಗೆ ಅಂಕ ಹಾಕುವುದರ ಹಿಂದೆಯೂ ಒಂದು ಲೆಕ್ಕಾಚಾರವುಂಟು. ಅದನ್ನು ಅರಿತವನಿಗೆ ತನ್ನ ಅಭ್ಯಾಸವನ್ನು ಎಲ್ಲಿ ಹೆಚ್ಚಿಸಬೇಕೆಂಬುದೂ ತಿಳಿಯುತ್ತದೆ.

ಭಾರತೀಯ ಭೂಸೇನೆಯ ಭರ್ತಿ ರ್‍ಯಾಲಿಯಲ್ಲಿ ತರುಣರಿಗೆ ನಡೆಯುವ ದೈಹಿಕ ಪರೀಕ್ಷೆಯಲ್ಲಿ ನಾಲ್ಕು ಅಂಗಗಳಿವೆ. 1.6 ಕಿಲೋಮೀಟರು ಓಟ ಮೊದಲನೆಯದು. ಅಡ್ಡಕಂಬಿಗೆ ಜೋತುಬಿದ್ದು, ಗದ್ದವು ಕಂಬಿಯನ್ನು ದಾಟುವವರೆಗೆ ಮೈಯನ್ನು ಮೇಲಕ್ಕೆ ಸೆಳೆದುಕೊಳ್ಳುವುದು ಎರಡನೆಯದು. ಇದನ್ನು ಪುಲ್‌ಅಪ್ ಎನ್ನುತ್ತಾರೆ. ಉಳಿದವು, 9 ಅಡಿ ಅಗಲದ ಹಳ್ಳವನ್ನು ನೆಗೆಯುವುದು ಮತ್ತು ಅಂಕುಡೊಂಕಾದ ದಿಮ್ಮಿಯ ಮೇಲೆ ಬೀಳದೆ ನಡೆಯುವುದು. ಈ ಕೊನೆಯ ಎರಡಕ್ಕೆ ಅಂಕಗಳೇ ಇಲ್ಲ. ಹಳ್ಳವನ್ನು ದಾಟಿದವನು ತೇರ್ಗಡೆ, ದಾಟದವನು ಹೊರಗೆ. 9 ಅಡಿಯ ಬದಲು 15 ಅಡಿ ನೆಗೆದರೂ ಹೆಚ್ಚಿಗೆ ದೊರೆಯುವುದೇನೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ಹಬ್ಬದ ದಿನ ಗುಂಡುಕಲ್ಲನ್ನು ಎತ್ತಿಸುತ್ತಾರಷ್ಟೆ. ಕಲ್ಲು ನೆಲ ಬಿಟ್ಟು ಹೆಗಲೇರಿತೇ ಇಲ್ಲವೇ ಎಂಬುದೊಂದೇ ಅಲ್ಲಿ ಪ್ರಶ್ನೆ. ಅಳತೆಯ ಅತ್ಯಂತ ಸರಳವಾದ ಬಗೆ ಇದು. ಇದನ್ನು ನಾವು ಬಾಗಿಲು ಎಂದು ಕರೆಯೋಣ.

ಓಟದ ಲೆಕ್ಕ ಬಾಗಿಲಲ್ಲ, ಮೆಟ್ಟಿಲು. 2022ರಲ್ಲಿ ಅಗ್ನಿಪಥ ಯೋಜನೆ ಜಾರಿಗೆ ಬಂದಾಗ ಇದ್ದ ಕ್ರಮದಂತೆ 5 ನಿಮಿಷ 30 ಸೆಕೆಂಡಿನೊಳಗೆ ಬಂದವರು ಮೊದಲನೆಯ ಗುಂಪು, ಅವರಿಗೆ 60. 5 ನಿಮಿಷ 31ರಿಂದ 45 ಸೆಕೆಂಡಿನವರೆಗೆ ಬಂದವರು ಎರಡನೆಯ ಗುಂಪು, ಅವರಿಗೆ 48. ಅನಂತರ ಬಂದವರಿಗೆ ಮನೆಯ ದಾರಿ. 2025ರ ಭರ್ತಿಯ ಪ್ರಕಟಣೆಯಲ್ಲಿ ಇನ್ನೆರಡು ಮೆಟ್ಟಿಲುಗಳು ಸೇರಿದುವು: 6 ನಿಮಿಷದವರೆಗೆ 36 ಅಂಕ, 6 ನಿಮಿಷ 15 ಸೆಕೆಂಡಿನವರೆಗೆ 24. ಪ್ರತಿ 15 ಸೆಕೆಂಡಿಗೆ 12 ಅಂಕ ಇಳಿಯುತ್ತಿರುವುದನ್ನು ವಾಚಕರು ಗಮನಿಸಬೇಕು. ಸರಾಸರಿಯಲ್ಲಿ ನೋಡಿದರೆ ಸೆಕೆಂಡಿಗೆ 0.8 ಅಂಕ, ಇದೇನೂ ಅನ್ಯಾಯವಲ್ಲ. ಆದರೆ ಆ ಇಳಿತ ಒಂದೇ ಸಮನೆ ಆಗುವುದಿಲ್ಲ. ಹದಿನಾಲ್ಕು ಸೆಕೆಂಡುಗಳ ಕಾಲ ಏನೂ ಇಳಿಯದೆ, ಹದಿನೈದನೆಯದರಲ್ಲಿ ಹನ್ನೆರಡೂ ಒಮ್ಮೆಗೇ ಇಳಿಯುತ್ತವೆ. ಶಾಲೆಯ ಪರೀಕ್ಷೆಯಲ್ಲಿ ನೂರಕ್ಕೆ 60 ಬಂದವನಿಗೆ ಮೊದಲ ದರ್ಜೆ, 59 ಬಂದವನಿಗೆ ಎರಡನೆಯ ದರ್ಜೆ ಎನ್ನುವಂತೆಯೇ ಇದು.

ಈ ಅಂಚಿನ ಸೆಕೆಂಡು ಎಷ್ಟು ದೊಡ್ಡದೆಂಬುದನ್ನು ಲೆಕ್ಕ ಹಾಕೋಣ. 1600 ಮೀಟರನ್ನು 330 ಸೆಕೆಂಡಿನಲ್ಲಿ ಓಡುವವನ ವೇಗ ಸೆಕೆಂಡಿಗೆ 4.85 ಮೀಟರು. 400 ಮೀಟರಿನ ಅಂಗಳದಲ್ಲಿ ನಾಲ್ಕು ಸುತ್ತು, ಸುತ್ತಿಗೆ ಎಂಬತ್ತೆರಡೂವರೆ ಸೆಕೆಂಡು. ಹಲವು ಮಂದಿಯನ್ನು ಒಟ್ಟಿಗೆ ನಿಲ್ಲಿಸಿ ಓಡಿಸುವಾಗ ಗುಂಪಿನ ಹಿಂಭಾಗದಲ್ಲಿ, ಗೆರೆಯಿಂದ 10 ಮೀಟರು ಹಿಂದೆ ನಿಂತವನು ಸೀಟಿ ಊದಿದ ಕ್ಷಣದಲ್ಲೇ ಎರಡು ಸೆಕೆಂಡು ಸಾಲಗಾರನಾಗಿರುತ್ತಾನೆ. ತಿರುವಿನಲ್ಲಿ ಹೊರಮೈಯಿಂದ ಓಡುವವನ ಕಾಲ ಕೆಳಗೆ ದಾರಿಯೇ ಉದ್ದವಾಗುತ್ತದೆ. ಕೈಗಡಿಯಾರವನ್ನು ಒತ್ತುವವನ ಬೆರಳೂ ಕಣ್ಣಿಗಿಂತ ಸೆಕೆಂಡಿನ ಐದನೆಯ ಒಂದು ಪಾಲಿನಷ್ಟು ತಡ. ಹೀಗಿರುವಲ್ಲಿ 5 ನಿಮಿಷ 29 ಮತ್ತು 5 ನಿಮಿಷ 31 ಸೆಕೆಂಡುಗಳ ಓಟಗಾರರ ಗುಂಡಿಗೆಗಳಲ್ಲಿ ನಿಜವಾದ ಭೇದವಿದೆಯೆಂದು ಯಾವ ಶರೀರಶಾಸ್ತ್ರಜ್ಞನೂ ಹೇಳಲಾರ. ಭೇದವಿರುವುದು ಕೋಷ್ಟಕದಲ್ಲಿ. ಆದರೂ ಸೈನ್ಯವು ಮೆಟ್ಟಿಲನ್ನೇ ಇಟ್ಟುಕೊಂಡಿರುವುದು ಮೂಢತನದಿಂದಲ್ಲ. ಒಂದು ಬೆಳಗ್ಗೆ ನೂರಾರು ಮಂದಿ ಓಡುವ ಮೈದಾನದಲ್ಲಿ ಒಬ್ಬೊಬ್ಬನ ಕಾಲವನ್ನೂ ಬೇರೆ ಬೇರೆ ಗುರುತು ಹಾಕುವುದಕ್ಕಿಂತ, ಹೊತ್ತು ಮುಗಿದೊಡನೆ ಗುಂಪನ್ನು ಕತ್ತರಿಸುವುದು ಸುಲಭ. ತಕರಾರಿಗೂ ಅವಕಾಶ ಕಡಮೆ.

ಪುಲ್‌ಅಪ್ಪಿನ ಕೋಷ್ಟಕ ಇದಕ್ಕಿಂತ ಸೊಗಸಾದುದು. ಆರಕ್ಕೆ 16 ಅಂಕ, ಏಳಕ್ಕೆ 21, ಎಂಟಕ್ಕೆ 27, ಒಂಬತ್ತಕ್ಕೆ 33, ಹತ್ತಕ್ಕೆ 40. ಆರಕ್ಕಿಂತ ಕಡಮೆಯಾದರೆ ಬಾಗಿಲು ಮುಚ್ಚುತ್ತದೆ. ಈಗ ಒಂದೊಂದು ಹೆಚ್ಚಿನ ಎತ್ತಿಗೂ ಎಷ್ಟು ದೊರೆಯಿತೆಂದು ಕಳೆದು ನೋಡಿ: 5, 6, 6, 7. ಮೊದಲ ಆರಕ್ಕೆ ಸರಾಸರಿ ಮೂರೂ ಇಲ್ಲ, ಹತ್ತನೆಯದೊಂದಕ್ಕೇ ಏಳು. ಕಂಬಿಗೆ ಜೋತುಬಿದ್ದವರೆಲ್ಲರಿಗೂ ಇದರ ಅರ್ಥ ತಿಳಿದಿದೆ. ಮೂರನೆಯ ಎತ್ತಿಗೂ ಹತ್ತನೆಯ ಎತ್ತಿಗೂ ಮೈಭಾರ ಒಂದೇ, ಎತ್ತರ ಒಂದೇ, ಭೌತಶಾಸ್ತ್ರದ ಲೆಕ್ಕದಲ್ಲಿ ಕೆಲಸವೂ ಒಂದೇ. ಆದರೆ ದಣಿದ ಸ್ನಾಯುವಿಗೆ ಅದು ಒಂದೇ ಅಲ್ಲ. ಕೋಷ್ಟಕವನ್ನು ರಚಿಸಿದವರು ಭೌತಶಾಸ್ತ್ರದ ಕೆಲಸಕ್ಕಲ್ಲ, ಸ್ನಾಯುವಿನ ಕಷ್ಟಕ್ಕೆ ಬೆಲೆ ಕಟ್ಟಿದ್ದಾರೆ.

ಎರಡು ಕೋಷ್ಟಕಗಳನ್ನೂ ಪಕ್ಕಪಕ್ಕದಲ್ಲಿಟ್ಟರೆ ಒಂದು ವಿಚಿತ್ರ ಕಾಣುತ್ತದೆ. 5 ನಿಮಿಷ 29 ಸೆಕೆಂಡಿನಲ್ಲಿ ಓಡಿ ಏಳು ಬಾರಿ ಎತ್ತಿದವನಿಗೆ 60 ಮತ್ತು 21, ಒಟ್ಟು 81. 5 ನಿಮಿಷ 31 ಸೆಕೆಂಡಿನಲ್ಲಿ ಓಡಿ ಒಂಬತ್ತು ಬಾರಿ ಎತ್ತಿದವನಿಗೆ 48 ಮತ್ತು 33, ಅವನಿಗೂ 81. ಎರಡು ಸೆಕೆಂಡಿಗೆ ಎರಡು ಪುಲ್‌ಅಪ್ ಸಮ! ಇನ್ನು 4 ನಿಮಿಷ 50 ಸೆಕೆಂಡಿನಲ್ಲಿ ಓಡಿ ಬರುವ ಸಮರ್ಥನಿಗೆ ಅವನ ನಲವತ್ತು ಸೆಕೆಂಡುಗಳ ಶ್ರಮಕ್ಕೆ ಒಂದು ಅಂಕವೂ ಹೆಚ್ಚಿಗೆ ಬಾರದು. ಸಾಮಾನ್ಯ ಸೈನಿಕ ಹುದ್ದೆಗೆ ಈ ಅಂಕಗಳು ಲಿಖಿತ ಪರೀಕ್ಷೆಯ ಅಂಕಗಳೊಡನೆ ಸೇರಿ ಅರ್ಹತೆಯ ಪಟ್ಟಿ ತಯಾರಾಗುತ್ತದೆ. ಗುಮಾಸ್ತ ಮತ್ತು ತಾಂತ್ರಿಕ ಹುದ್ದೆಗಳವರು ಇದೇ ಓಟದಲ್ಲಿ ತೇರ್ಗಡೆಯಾದರೆ ಸಾಕು. ಒಬ್ಬನಿಗೆ ಮೆಟ್ಟಿಲಾದುದು ಇನ್ನೊಬ್ಬನಿಗೆ ಬಾಗಿಲು.

ಓಟಕ್ಕೆ 60, ಎತ್ತಿಗೆ 40 ಎಂಬ ಹಂಚಿಕೆ ಎರಡರಲ್ಲಿ ವ್ಯಯವಾಗುವ ಶಕ್ತಿಯನ್ನು ಅನುಸರಿಸಿದೆಯೆ? 60 ಕಿಲೋಗ್ರಾಂ ತೂಕದ ಒಬ್ಬ ತರುಣನನ್ನು ತೆಗೆದುಕೊಳ್ಳೋಣ. ಓಟದಲ್ಲಿ ಒಂದು ಕಿಲೋಗ್ರಾಂ ಮೈತೂಕಕ್ಕೆ, ಒಂದು ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲೊರಿ ಬೇಕು. ಆದಕಾರಣ ಓಟದ ಖರ್ಚು ಸುಮಾರು 96 ಕಿಲೋಕ್ಯಾಲೊರಿ. ಪುಲ್‌ಅಪ್ಪಿನಲ್ಲಿ ಅವನು ತನ್ನ ಮೈಯನ್ನು ಅರ್ಧ ಮೀಟರು ಎತ್ತುತ್ತಾನೆಂದಿಟ್ಟುಕೊಂಡರೆ ಒಂದು ಎತ್ತಿಗೆ ಸುಮಾರು 294 ಜೂಲ್, ಹತ್ತಕ್ಕೆ 2940 ಜೂಲ್, ಎಂದರೆ 0.7 ಕಿಲೋಕ್ಯಾಲೊರಿ. ಸ್ನಾಯುಗಳು ತಾವು ಉರಿಸಿದ್ದರಲ್ಲಿ ನಾಲ್ಕನೆಯದೋ ಐದನೆಯದೋ ಒಂದು ಪಾಲನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುವುದರಿಂದ ಒಟ್ಟು ಖರ್ಚು ಮೂರು ನಾಲ್ಕು ಕಿಲೋಕ್ಯಾಲೊರಿ ಮಾತ್ರ. ಶಕ್ತಿಯ ಲೆಕ್ಕದಲ್ಲಿ ಓಟವು ಇಪ್ಪತ್ತೈದು ಪಟ್ಟಿಗೂ ಮಿಗಿಲು. ಹಾಗಾದರೆ 60ಕ್ಕೆ 40ರ ಹಂಚಿಕೆ ಅಳೆಯುವುದು ಖರ್ಚಾದ ಶಕ್ತಿಯನ್ನಲ್ಲ, ಎರಡು ಬೇರೆ ಬೇರೆ ಸಾಮರ್ಥ್ಯಗಳನ್ನು. ಓಟವು ಮುಖ್ಯವಾಗಿ ಗುಂಡಿಗೆ, ಪುಪ್ಪುಸಗಳು ಮತ್ತು ರಕ್ತ ಸೇರಿ ಆಮ್ಲಜನಕವನ್ನು ಎಷ್ಟು ಬೇಗ ಒದಗಿಸಬಲ್ಲವೆಂಬುದರ ಪರೀಕ್ಷೆ. ಎತ್ತು ತೋಳು ಬೆನ್ನುಗಳ ಬಲದ ಪರೀಕ್ಷೆ. ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. 70 ಕಿಲೋಗ್ರಾಂ ತೂಕದವನು ಹತ್ತು ಎತ್ತಿಗೆ 3430 ಜೂಲ್ ಕೆಲಸ ಮಾಡಿದರೆ 50 ಕಿಲೋಗ್ರಾಮಿನವನು 2450 ಜೂಲ್ ಮಾಡುತ್ತಾನೆ. ಅಂಕ ಇಬ್ಬರಿಗೂ 40. ಭಾರವಾದ ಪೆಟ್ಟಿಗೆಗಳನ್ನು ಹೊರಬೇಕಾದ ಕೆಲಸಕ್ಕೆ ಈ ಕೋಷ್ಟಕ ಹಗುರ ಮೈಯವನ ಪಕ್ಷಪಾತಿ ಎಂದೇ ನನ್ನ ಅಭಿಪ್ರಾಯ.

ಓಟಕ್ಕೂ ಆಮ್ಲಜನಕಕ್ಕೂ ಇರುವ ಸಂಬಂಧವನ್ನು ಸಂಖ್ಯೆಯಲ್ಲಿ ಹಿಡಿದವರು ಅಮೆರಿಕದ ವಾಯುಸೇನೆಯ ವೈದ್ಯ ಕೆನೆತ್ ಕೂಪರ್. 1968ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆಯಲ್ಲಿ ದೂರವನ್ನಲ್ಲ, ಕಾಲವನ್ನು ಗೊತ್ತುಮಾಡಿದೆ: 12 ನಿಮಿಷದಲ್ಲಿ ಎಷ್ಟು ದೂರ ಓಡಬಲ್ಲೆ? ಆ ಮೀಟರುಗಳಿಂದ 505ನ್ನು ಕಳೆದು 44.7ರಿಂದ ಭಾಗಿಸಿದರೆ ಮೈತೂಕದ ಪ್ರತಿ ಕಿಲೋಗ್ರಾಮಿಗೆ ನಿಮಿಷಕ್ಕೆ ಎಷ್ಟು ಮಿಲಿಲೀಟರು ಆಮ್ಲಜನಕವನ್ನು ಬಳಸಬಲ್ಲನೆಂಬುದರ ಅಂದಾಜು ದೊರೆಯುತ್ತದೆ. 2800 ಮೀಟರು ಓಡಿದವನಿಗೆ ಇದು ಸುಮಾರು 51.

ಈವರೆಗೆ ಹೇಳಿದ ಕೋಷ್ಟಕಗಳಲ್ಲಿ ಗೊತ್ತಾದ ಮಟ್ಟ ಎಲ್ಲರಿಗೂ ಒಂದೇ. ಇದಕ್ಕೆ ಪ್ರತಿಯಾದ ಇನ್ನೊಂದು ಕ್ರಮವೂ ಉಂಟು. ಕುಸ್ತಿಯ ಕಣದಲ್ಲಿ ಜಟ್ಟಿಯ ಬಲವನ್ನು ಕಲ್ಲಿನಿಂದಲ್ಲ, ಅವನ ಎದುರಾಳಿಯಿಂದ ಅಳೆಯುತ್ತಾರೆ. ಜೋಡಿ ಹಾಕುವಾಗ ತೂಕವನ್ನೂ ವಯಸ್ಸನ್ನೂ ನೋಡುತ್ತಾರೆ. ಅಮೆರಿಕದ ಭೂಸೇನೆ 1980ರಿಂದ ಸುಮಾರು ನಾಲ್ಕು ದಶಕ ಈ ಮಾರ್ಗವನ್ನೇ ಹಿಡಿದಿತ್ತು. ಅಲ್ಲಿ ಎರಡು ಮೈಲಿ ಓಟಕ್ಕೆ 17ರಿಂದ 21 ವಯಸ್ಸಿನ ಗಂಡಸು 13 ನಿಮಿಷದಲ್ಲಿ ಬಂದರೆ 100, 15 ನಿಮಿಷ 54 ಸೆಕೆಂಡಿನಲ್ಲಿ ಬಂದರೆ 60. ನಡುವೆ ಪ್ರತಿ ಆರು ಸೆಕೆಂಡಿಗೆ ಒಂದೋ ಎರಡೋ ಅಂಕ ಇಳಿಯುತ್ತಿತ್ತು. ಮೆಟ್ಟಿಲನ್ನು ಇಷ್ಟು ಕಿರಿದಾಗಿಸಿದರೆ ಅದು ಇಳಿಜಾರೇ ಆಯಿತು. ಒಂದು ಸೆಕೆಂಡಿನ ದುರದೃಷ್ಟಕ್ಕೆ ಯಾರೂ ಹನ್ನೆರಡು ಅಂಕ ತೆರಬೇಕಾಗಿಲ್ಲ. 37ರಿಂದ 41 ವಯಸ್ಸಿನವನಿಗಾದರೆ 18 ನಿಮಿಷ 18 ಸೆಕೆಂಡಿಗೇ 60 ದೊರೆಯುತ್ತಿತ್ತು. ಹೆಂಗಸರಿಗೆ ಬೇರೆಯ ಕೋಷ್ಟಕವಿತ್ತು.

ನಮ್ಮಲ್ಲಿಯೂ ಸೈನಿಕ ಪೊಲೀಸ್ ದಳಕ್ಕೆ ಸೇರುವ ಯುವತಿಯರ ಓಟದ ಕಾಲ ಬೇರೆಯೇ: ಮೊದಲ ಗುಂಪಿಗೆ 7 ನಿಮಿಷ 30 ಸೆಕೆಂಡು, ಎರಡನೆಯದಕ್ಕೆ 8 ನಿಮಿಷ. ಪುಲ್‌ಅಪ್ಪಿನ ಬದಲು 10 ಅಡಿ ಉದ್ದ ನೆಗೆತ, 3 ಅಡಿ ಎತ್ತರ ನೆಗೆತ. ಈ ದಳದ ಮೊದಲ ಮಹಿಳಾ ತಂಡದ 83 ಮಂದಿ 2021ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂದುದು ನಮ್ಮ ಬೆಂಗಳೂರಿನಲ್ಲಿಯೇ.

ಕುಸ್ತಿಯ ಕ್ರಮ ಸರಿಯೋ ಗುಂಡುಕಲ್ಲಿನ ಕ್ರಮ ಸರಿಯೋ ಎಂಬ ವಾದ ಇನ್ನೂ ಮುಗಿದಿಲ್ಲ. ಒಬ್ಬನು ತನ್ನ ಮೈಯನ್ನು ಎಷ್ಟು ಚೆನ್ನಾಗಿ ಕಾಪಾಡಿಕೊಂಡಿದ್ದಾನೆಂದು ತಿಳಿಯಬೇಕಾದರೆ ಅವನ ವಯಸ್ಸಿನವರೊಡನೆ ಹೋಲಿಸುವುದೇ ನ್ಯಾಯ. ಗೊತ್ತಾದ ಕೆಲಸವನ್ನು ಮಾಡಬಲ್ಲನೇ ಎಂದು ತಿಳಿಯಬೇಕಾದರೆ ಆ ಹೋಲಿಕೆ ನಿಷ್ಪ್ರಯೋಜಕ. ಚಿನ್ನದ ಗಣಿಗಳ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಶಿಲಾಸ್ಫೋಟದಲ್ಲಿ ಗಾಯಗೊಂಡವನನ್ನು ಸುರಂಗದಿಂದ ಹೊತ್ತು ತರುವವನಿಗೆ ನಲವತ್ತು ವರ್ಷವಾಯಿತೆಂದು ಗಾಯಾಳುವಿನ ತೂಕ ಇಳಿಯದು. ಅಮೆರಿಕದವರೂ 2025ರ ಜೂನಿನಿಂದ ಜಾರಿಗೆ ತಂದ ಹೊಸ ಪರೀಕ್ಷೆಯಲ್ಲಿ ಕಾಳಗದ ಹುದ್ದೆಗಳ ಮಟ್ಟಿಗೆ ಗಂಡು ಹೆಣ್ಣೆಂಬ ಭೇದವನ್ನು ಕೈಬಿಟ್ಟರು. ಉಳಿದ ಹುದ್ದೆಗಳಿಗೆ ಅದನ್ನು ಉಳಿಸಿಕೊಂಡರು. ಎರಡು ಪ್ರಶ್ನೆಗಳಿಗೆ ಎರಡು ಕೋಲುಗಳು.

ಮೈದಾನವೂ ಗಡಿಯಾರದ ಅಧಿಕಾರಿಯೂ ಇಲ್ಲದೆ ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದಾದ ಒಂದು ಪರೀಕ್ಷೆಯುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾನಿಲಯದ ಆಯಾಸ ಸಂಶೋಧನಾಲಯದಲ್ಲಿ ಬ್ರೂಹಾ ಮತ್ತು ಅವರ ಸಹೋದ್ಯೋಗಿಗಳು ಇದನ್ನು ರೂಪಿಸಿದರು. 20 ಅಂಗುಲ ಎತ್ತರದ, ಅಲುಗಾಡದ ಪೀಠವೊಂದನ್ನು ನಿಮಿಷಕ್ಕೆ 30 ಬಾರಿಯಂತೆ ಹತ್ತಿ ಇಳಿಯಬೇಕು. 5 ನಿಮಿಷ ಕಳೆದೊಡನೆ, ಅಥವಾ ಅದಕ್ಕೆ ಮುಂಚೆಯೇ ಸೋತರೆ ಅಲ್ಲಿಗೇ, ನಿಲ್ಲಿಸಿ ಕುಳಿತುಕೊಳ್ಳಬೇಕು. ನಿಲ್ಲಿಸಿ ಒಂದು ನಿಮಿಷ, ಎರಡು ನಿಮಿಷ, ಮೂರು ನಿಮಿಷವಾದಾಗ, ಪ್ರತಿಸಲವೂ ಅರ್ಧ ನಿಮಿಷದ ನಾಡಿಮಿಡಿತವನ್ನು ಎಣಿಸಬೇಕು. ಹತ್ತಿದ ಸೆಕೆಂಡುಗಳನ್ನು 100ರಿಂದ ಗುಣಿಸಿ, ಮೂರು ಎಣಿಕೆಗಳ ಮೊತ್ತದ ಇಮ್ಮಡಿಯಿಂದ ಭಾಗಿಸಿದರೆ ಬರುವುದೇ ಅಂಕ. ಐದು ನಿಮಿಷವೂ ಹತ್ತಿದ ಒಬ್ಬನ ಎಣಿಕೆಗಳು 75, 60, 50 ಆದರೆ ಮೊತ್ತ 185. 30,000ವನ್ನು 370ರಿಂದ ಭಾಗಿಸಲು 81. ಇನ್ನೊಬ್ಬನ ಎಣಿಕೆಗಳು 90, 80, 70 ಆದರೆ ಅವನಿಗೆ 62.5. ತೊಂಬತ್ತಕ್ಕೆ ಮೇಲ್ಪಟ್ಟುದು ಅತ್ಯುತ್ತಮ, 80ರಿಂದ ಮೇಲೆ ಉತ್ತಮ, 55ಕ್ಕಿಂತ ಕೆಳಗಿನದು ದುರ್ಬಲ ಎಂದು ಎಣಿಸುವುದು ವಾಡಿಕೆ.

ಇಲ್ಲಿ ಬಾಗಿಲೂ ಇಲ್ಲ, ಎತ್ತರದ ಮೆಟ್ಟಿಲೂ ಇಲ್ಲ. ಒಂದು ಮಿಡಿತ ಕಡಮೆಯಾದರೆ ಅಂಕ ಅಷ್ಟರಮಟ್ಟಿಗೇ ಏರುತ್ತದೆ. ಶ್ರಮದ ನಂತರ ಗುಂಡಿಗೆ ಎಷ್ಟು ಬೇಗ ಶಾಂತವಾಗುವುದೆಂಬುದೇ ಇದರ ತಿರುಳು. ಆದರೆ ಭರ್ತಿಯ ಮೈದಾನಕ್ಕೆ ಇದು ಹೊಂದದು. ಸಾವಿರ ಜನರ ನಾಡಿ ಎಣಿಸುವವರಾರು? ಅಲ್ಲದೆ ಭಯದಿಂದಲೇ ನಾಡಿ ಏರುತ್ತದೆ. ಬಿಸಿಲೂ ಅದನ್ನು ಏರಿಸುತ್ತದೆ, ಏಕೆಂದರೆ ಸೆಕೆಯಲ್ಲಿ ಗುಂಡಿಗೆಯು ಸ್ನಾಯುಗಳಿಗಷ್ಟೇ ಅಲ್ಲದೆ ಮೈಯನ್ನು ತಣಿಸಲು ಚರ್ಮಕ್ಕೂ ರಕ್ತವನ್ನು ಕಳುಹಿಸಬೇಕು. ಮೂರು ಕಿಲೋಮೀಟರಿಗೂ ಆಳವಾದ ಚಾಂಪಿಯನ್ ರೀಫಿನ ತಳದಲ್ಲಿ, 60 ಡಿಗ್ರಿಗೂ ಮೀರಿ ಕಾದ ಬಂಡೆಗಳ ನಡುವೆ ದುಡಿದವರ ಗುಂಡಿಗೆಗಳು ಈ ಎರಡು ದುಡಿಮೆಗಳನ್ನೂ ಒಟ್ಟಿಗೆ ಮಾಡಿದುವು. ಆದಕಾರಣ ತಮ್ಮ ಪ್ರಗತಿಯನ್ನು ತಿಂಗಳಿಂದ ತಿಂಗಳಿಗೆ ಹೋಲಿಸಬಯಸುವವರು ಯಾವಾಗಲೂ ಬೆಳಗಿನ ತಂಪಿನಲ್ಲಿ, ಉಪಾಹಾರಕ್ಕೆ ಮುಂಚೆ, ಅದೇ ಪೀಠದ ಮೇಲೆ ಈ ಪರೀಕ್ಷೆಯನ್ನು ಮಾಡಬೇಕು. ಹೃದ್ರೋಗವುಳ್ಳವರೂ ಜ್ವರದಿಂದ ಎದ್ದವರೂ ಇದಕ್ಕೆ ಕೈ ಹಾಕಕೂಡದು. ನಾಡಿಯನ್ನು ಮಣಿಕಟ್ಟಿನಲ್ಲಿ ಎರಡು ಬೆರಳುಗಳಿಂದ ಹಿಡಿಯಬೇಕು, ಹೆಬ್ಬೆರಳಿನಿಂದಲ್ಲ. ಹೆಬ್ಬೆರಳಿನಲ್ಲಿಯೂ ಮಿಡಿತವಿರುವುದರಿಂದ ಎಣಿಕೆ ತಪ್ಪುವುದು.