ಕೋಳಿ ಗೂಡಿಗೆ ಏನು ಹಾಸ್ಬೇಕ್ರಿ?

ನಮ್ಮ ಕಲಬುರಗಿ ಕಡಿ ಕುಸನೂರದಾಗ ಹಿತ್ತಲದಾಗ ಕೋಳಿ ಸಾಕೀರಿ ಅಂದ್ರ, ಮೊದಲು ನೆಲ ನೋಡ್ರಿ. ನಮ್ಮದು ಎರಿ ಮಣ್ಣು. ಮಳಿಗಾಲದಾಗ ಹಿಕ್ಕಿ ಕೂಡಿ ಕೆಸರಾಗತದ, ನಾರತದ. ಅದಕ್ಕ ಮ್ಯಾಲ ಒಣ ಹಾಸು ಬೇಕು.

ಕಲಬುರಗಿ ಅಂದ್ರ ತೊಗರಿ. ದಾಲ್ ಮಿಲ್ ಹೊಟ್ಟು ಸಿಗತದ, ಖರೆ. ಆದ್ರ ಅದು ದನದ ಮೇವು. ರೊಕ್ಕ ಕೊಟ್ಟು ತಂದು ಕೋಳಿ ಕಾಲಾಗ ಹಾಕೋದು ದಂಡ. ಬಡಿಗ್ಯಾರ ಹತ್ರದ ರಂದಾ ಹೊಟ್ಟು ಚಲೋ ಹೀರತದ. ಪ್ಲೈವುಡ್ ಪುಡಿ ಬ್ಯಾಡ, ಅದರಾಗ ಅಂಟು ಇರತದ. ಭತ್ತದ ಹೊಟ್ಟು ಕಮ್ಮಿ ಹೀರಿದ್ರೂ ಗಾಳಿ ಆಡತದ. ಶೇಂಗಾ ಸಿಪ್ಪಿ ಮೂಸಿ ನೋಡಿ ತರ್ರಿ. ಬೂಷ್ಟು ಹಿಡಿದಿದ್ರ ಕೋಳಿ ಉಸಿರಿಗೇ ಕುತ್ತು.

2-3 ಇಂಚು ಹಾಸ್ರಿ. ನಡುನಡುವ ಒಂದು ಮುಷ್ಟಿ ತಗೊಂಡು ಹಿಚುಕ್ರಿ. ಉಂಡಿ ಕಟ್ಟಿ ನಿಂತ್ರ ಹಸಿ ಜಾಸ್ತಿ. ಕೈ ಬಿಟ್ಟಕೂಡ್ಲೇ ಉದುರಿದ್ರ ಸರಿ. ಬಗ್ಗಿದಾಗ ಕಣ್ಣು ಉರಿದ್ರ ಅದು ಅಮೋನಿಯಾ. ಕೋಳಿ ಮೂಗು ಇರೋದೂ ಅಲ್ಲೇ ಅಲ್ಲೇನ್ರಿ?

ತೆಗೆದ ಹಾಸು ಸೀದಾ ಬದನಿ ಗಿಡಕ್ಕ ಹಾಕಿದ್ರ ಬೇರು ಸುಡತದ. ನೆರಳಾಗ ಗುಡ್ಡಿ ಹಾಕಿ ನೀರು ಚಿಮುಕಿಸ್ರಿ. ಮೂರು ಫೂಟು ಎತ್ತರ ಬೇಕು, ಸಣ್ಣ ಗುಡ್ಡಿಗೆ ಕಾವು ಏರೋದಿಲ್ಲ. ಸಾಲದಿದ್ರ ಬೇವಿನ ಎಲಿ, ಸಗಣಿ ಕೂಡಿಸ್ರಿ. ಒಳಗ 55-65 ಡಿಗ್ರಿ ಆದ್ರ ರೋಗದ ಕ್ರಿಮಿ, ಕಳೆ ಬೀಜ ಸಾಯತಾವ. ವಾರಕ್ಕೊಮ್ಮೆ ತಿರುವ್ರಿ. ನಮ್ಮ ಬಿಸಲಿಗೆ ಗುಡ್ಡಿ ಒಣಗಿದ್ರ ಕೊಳೆಯೋದೂ ನಿಲ್ಲತದ. ತೋಯ್ದ ಗೋಣಿಚೀಲ ಹೊದಿಸ್ರಿ. ಭತ್ತದ ಹೊಟ್ಟಿದ್ರ ತಡ ಆಗತದ, ಕಾಯ್ರಿ. ಕಾವು ಆರಿ, ಮಣ್ಣಿನ ವಾಸನಿ ಬಂದ ಮ್ಯಾಲೇ ಗಿಡಕ್ಕ ಹಾಕ್ರಿ.